ಅಜ್ಜ ಇವತ್ತು ಕವಳ ಕೇಳಲಿಲ್ಲ: ವಯಸ್ಸಾದವರ ಕಾಯಿಲೆ ಮೊದಲು ಎಲ್ಲಿ ಕಾಣುತ್ತದೆ?

ಶಿರಸಿ ಹತ್ತಿರದ ಒಂದು ಸಣ್ಣ ವೃದ್ಧಾಶ್ರಮದಲ್ಲಿ ನನ್ನ ಸೋದರಮಾವ ಇದ್ದಾರೆ. ಅವರ ಪಕ್ಕದ ಮಂಚದ ಅಜ್ಜನಿಗೆ ಎಂಬತ್ತು ದಾಟಿದೆ. ಊಟ ಮುಗಿದ ಕೂಡಲೇ ಜಗಲಿಗೆ ಬಂದು ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ಎಳೆದುಕೊಳ್ಳುವುದು ಅವರ ಪದ್ಧತಿ. ಹೋದ ಮಳೆಗಾಲದಲ್ಲಿ ಒಂದು ದಿನ ಅವರು ಊಟ ಮಾಡಿದರು, ಕೈ ತೊಳೆದರು, ಸೀದಾ ಹೋಗಿ ಮಲಗಿಬಿಟ್ಟರು. ಕವಳ ಕೇಳಲಿಲ್ಲ. ಅದನ್ನು ಗಮನಿಸಿದ್ದು ಅಡುಗೆ ಮಾಡುವ ಅಕ್ಕ ಒಬ್ಬರೇ. ‘ಅಜ್ಜ ಇವತ್ತು ಸಮ ಇಲ್ಲ’ ಅಂದರು. ಥರ್ಮಾಮೀಟರ್ ಇಟ್ಟು ನೋಡಿದರೆ ಜ್ವರ ಇಲ್ಲ. ಬಿ.ಪಿ.ಯೂ ಸರಿಯಾಗಿದೆ. ‘ವಯಸ್ಸಾಯ್ತಲ್ಲ, ಮಳೆ ಬೇರೆ, ಮಲಗಲಿ ಬಿಡಿ’ ಅಂತ ಎಲ್ಲರೂ ಸುಮ್ಮನಾದರು.

ಮೂರನೇ ದಿನ ಅಜ್ಜನಿಗೆ ಏದುಸಿರು ಶುರುವಾಯಿತು. ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಹೇಳಿದ್ದು ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕು. ಪುಣ್ಯಕ್ಕೆ ಅಜ್ಜ ಉಳಿದುಕೊಂಡರು, ಈಗ ಮತ್ತೆ ಜಗಲಿಯಲ್ಲಿದ್ದಾರೆ. ಆದರೆ ಮಾವನನ್ನು ನೋಡಲು ಹೋದಾಗಲೆಲ್ಲ ನನಗೆ ಅದೇ ತಲೆಯಲ್ಲಿ ಕೊರೆಯುತ್ತದೆ. ಥರ್ಮಾಮೀಟರಿಗೆ ಗೊತ್ತಾಗದ್ದು ಅಡುಗೆಯ ಅಕ್ಕನಿಗೆ ಗೊತ್ತಾಗಿತ್ತು. ಅದು ಹೇಗೆ?

ಈ ಪ್ರಶ್ನೆ ವೃದ್ಧಾಶ್ರಮದವರಿಗೆ ಮಾತ್ರ ಬಿಟ್ಟದ್ದಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ತೋಟದ ಮನೆಗಳನ್ನು ನೋಡಿ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಆಯಿ ಮತ್ತು ಅಪ್ಪಯ್ಯ ಇಬ್ಬರೇ. ಕುಮಟಾ, ಅಂಕೋಲಾ, ಕಾರವಾರದ ಕಡೆ ಮಗ ಗೋವಾದಲ್ಲೋ ಗಲ್ಫ್‌ನಲ್ಲೋ ಇರುತ್ತಾನೆ. ಹಾಗಾಗಿ ಈಗ ಹಿರಿಯರನ್ನು ದಿನಾ ಕಣ್ಣಾರೆ ನೋಡುವವರು ಹೆಚ್ಚಾಗಿ ಮಕ್ಕಳಲ್ಲ. ಅಡುಗೆಯವರು, ಹೋಂ ನರ್ಸ್, ಆಚೆಮನೆಯವರು, ತೋಟದ ಕೆಲಸಕ್ಕೆ ಬರುವವರು. ಕಾಯಿಲೆಯ ಮೊದಲ ಸುಳಿವು ಸಿಗುವುದೂ ಇವರಿಗೇ.

ಹಳೇ ಇನ್ವರ್ಟರ್ ಬ್ಯಾಟರಿಯ ಹಾಗೆ

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ಎಲ್ಲರಿಗೂ ಗೊತ್ತಲ್ವಾ? ಹೊಸ ಇನ್ವರ್ಟರ್ ಬ್ಯಾಟರಿ ಇದ್ದರೆ ರಾತ್ರಿಯಿಡೀ ನಡೆಯುತ್ತದೆ. ಅದೇ ಬ್ಯಾಟರಿ ಏಳೆಂಟು ವರ್ಷ ಹಳತಾಗಿದ್ದರೆ? ಕರೆಂಟ್ ಇರುವಷ್ಟು ಹೊತ್ತು ಯಾವ ವ್ಯತ್ಯಾಸವೂ ಕಾಣುವುದಿಲ್ಲ, ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಕರೆಂಟ್ ಹೋದ ಹತ್ತೇ ನಿಮಿಷಕ್ಕೆ ಮನೆಯೆಲ್ಲ ಕತ್ತಲೆ.

ದೇಹವೂ ಹೀಗೇ. ಹೃದಯ, ಮೂತ್ರಪಿಂಡ, ಶ್ವಾಸಕೋಶ, ಮೆದುಳು, ಎಲ್ಲದರಲ್ಲೂ ದಿನದ ಕೆಲಸಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ. ಕಷ್ಟಕಾಲಕ್ಕೆ ಎತ್ತಿಟ್ಟ ದುಡ್ಡಿನ ಹಾಗೆ. ವಯಸ್ಸಾದಂತೆ ಆ ಉಳಿತಾಯ ಕರಗುತ್ತದೆ. ಮಾಮೂಲಿ ದಿನದಲ್ಲಿ ಅದು ಯಾರಿಗೂ ಕಾಣುವುದಿಲ್ಲ, ಅವರಿಗೇ ಕಾಣುವುದಿಲ್ಲ. ಒಂದು ಸೋಂಕೋ, ಎರಡು ದಿನದ ಭೇದಿಯೋ, ಹೊಸ ಮಾತ್ರೆಯೋ ಬಂದಾಗ ಮಾತ್ರ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಇದೆ, ಇದೇ ಮುಖ್ಯ. ಬ್ಯಾಟರಿ ಸೋತಾಗ ಮೊದಲು ಆರುವ ದೀಪ ಯಾವುದು ಅಂತ ಹೇಳಲಾಗದು. ಅವರ ದೇಹದಲ್ಲಿ ಮೊದಲೇ ದುರ್ಬಲವಾಗಿದ್ದ ಜಾಗವೇ ಮೊದಲು ಕೈ ಕೊಡುತ್ತದೆ. ಹಾಗಾಗಿ ರೋಗ ಇರುವುದು ಶ್ವಾಸಕೋಶದಲ್ಲಿ, ಆದರೆ ಕಾಣುವುದು ಕಾಲಿನಲ್ಲಿ: ಬಚ್ಚಲಿಗೆ ಹೋಗುವಾಗ ಬಿದ್ದರು. ಸೋಂಕು ಮೂತ್ರದಲ್ಲಿ, ಕಾಣುವುದು ತಲೆಯಲ್ಲಿ: ಮಾತು ತಪ್ಪುತ್ತಿದೆ. ಹೃದಯಾಘಾತಕ್ಕೂ ಎದೆನೋವೇ ಬರಬೇಕೆಂದಿಲ್ಲ. ಎಂಬತ್ತರ ಅಜ್ಜಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಬರೀ ಉಬ್ಬಸ, ಬೆವರು, ವಾಕರಿಕೆ, ಇಲ್ಲವೇ ವಿಪರೀತ ಸುಸ್ತಾಗಿಯೇ ಬರಬಹುದು. ನಾವು ಇಪ್ಪತ್ತೈದರ ಹುಡುಗನಲ್ಲಿ ಹುಡುಕುವ ಲಕ್ಷಣವನ್ನು ಅಜ್ಜಿಯಲ್ಲಿ ಹುಡುಕುತ್ತಾ ಕೂತರೆ ಸಿಗುವುದಿಲ್ಲ.

ಜ್ವರವೂ ಅಷ್ಟೇ. ಜ್ವರ ಬರಿಸುವುದು ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟ. ವಯಸ್ಸಾದವರಲ್ಲಿ ಆ ಹೋರಾಟವೇ ಮಂದ. ಮೇಲಾಗಿ ಅನೇಕ ಹಿರಿಯರ ಮೈ ಮಾಮೂಲಿಯಾಗಿಯೇ ತಣ್ಣಗಿರುತ್ತದೆ. ದಿನಾ 97 ಡಿಗ್ರಿ ಇರುವ ಅಜ್ಜನಿಗೆ 99 ಬಂದರೆ ನಮಗೆ ಅದು ಜ್ವರವೇ ಅಲ್ಲ, ಅವರ ಲೆಕ್ಕಕ್ಕೆ ಎರಡು ಡಿಗ್ರಿ ಏರಿದೆ. ಆರೈಕೆ ಕೇಂದ್ರಗಳಲ್ಲಿರುವ ಹಿರಿಯರಿಗೆ ತಜ್ಞರು ಹಾಕಿಕೊಟ್ಟ ಲೆಕ್ಕ ಹೀಗಿದೆ: ಒಮ್ಮೆ 100 ಡಿಗ್ರಿ ದಾಟಿದರೂ ಜ್ವರ, ಮತ್ತೆ ಮತ್ತೆ 99ರ ಮೇಲೆ ಬಂದರೂ ಜ್ವರ, ಅವರ ಮಾಮೂಲಿಗಿಂತ 2 ಡಿಗ್ರಿ ಏರಿದರೂ ಜ್ವರ. ನಮ್ಮ ಅಜ್ಜನ ಮಾಮೂಲಿ ಎಷ್ಟು ಅಂತ ಯಾರೂ ಯಾವತ್ತೂ ನೋಡಿರಲಿಲ್ಲ.

ಮೊದಲು ಅವರ ‘ಯಾವತ್ತಿನ ಹಾಗೆ’ ಗೊತ್ತಿರಬೇಕು

ಬದಲಾವಣೆ ಗೊತ್ತಾಗಬೇಕಾದರೆ ಮೊದಲು ಹೇಗಿದ್ದರು ಅಂತ ಗೊತ್ತಿರಬೇಕು. ಕೇಳಲು ಸುಲಭ. ಆದರೆ ನಿಮ್ಮ ಅಪ್ಪಯ್ಯ ರಾತ್ರಿ ಎಷ್ಟು ಸಲ ಏಳುತ್ತಾರೆ, ಬೆಳಿಗ್ಗೆ ಎಷ್ಟು ತೆಳ್ಳೇವು ತಿನ್ನುತ್ತಾರೆ, ಕೊಟ್ಟಿಗೆಯವರೆಗೆ ಕೋಲಿಲ್ಲದೆ ಹೋಗುತ್ತಾರಾ ಅಂತ ಈಗ ಯಾರಾದರೂ ಕೇಳಿದರೆ ಉತ್ತರ ಇದೆಯಾ? ನನ್ನ ಹತ್ತಿರ ಇರಲಿಲ್ಲ.

ಒಂದು ಹಾಳೆ ಸಾಕು. ಅವರು ಚೆನ್ನಾಗಿರುವ ವಾರದಲ್ಲಿ ಬರೆಯಿರಿ. ಏಳುವ ಹೊತ್ತು, ಊಟದ ಪ್ರಮಾಣ, ನಿದ್ದೆ, ನಡಿಗೆ, ಮಲವಿಸರ್ಜನೆಯ ರೂಢಿ, ತೂಕ, ಬಿ.ಪಿ., ಮೈಯ ಬಿಸಿ. ಇದರ ಜೊತೆಗೆ ಅವರ ಖುಷಿಯ ಸಂಗತಿಗಳನ್ನೂ ಬರೆಯಿರಿ, ಯಾಕೆಂದರೆ ಮೊದಲು ಬಿಟ್ಟುಹೋಗುವುದು ಅವೇ. ಮೊಬೈಲಿನಲ್ಲಿ ತಾಳಮದ್ದಳೆ ಕೇಳದೆ ಮಲಗದವರು, ಪೇಪರಿನಲ್ಲಿ ಅಡಿಕೆ ದರ ನೋಡದೆ ಚಾ ಕುಡಿಯದವರು, ಮೀನು ತಾಜಾ ಇಲ್ಲ ಅಂತ ದಿನಾ ಗೊಣಗುವವರು. ದಿನಾ ಗೊಣಗುವ ಅಜ್ಜಿ ಒಂದು ದಿನ ಕೊಟ್ಟಿದ್ದನ್ನು ಸುಮ್ಮನೆ ತಿಂದು ಎದ್ದರೆ ಮನೆಯವರಿಗೆ ನಿರಾಳ ಅನಿಸಬಹುದು. ಅವತ್ತು ಅವರನ್ನು ಇನ್ನೊಮ್ಮೆ ಸರಿಯಾಗಿ ನೋಡಿ.

ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಸ್ನಾನ, ಊಟ ಮಾಡಿಸುವ ಸಹಾಯಕರು ‘ಏನೋ ಬದಲಾಗಿದೆ’ ಅಂತ ಗುರುತಿಸಿದ್ದು, ವೈದ್ಯಕೀಯ ದಾಖಲೆಯಲ್ಲಿ ಕಾಯಿಲೆ ನಮೂದಾಗುವುದಕ್ಕಿಂತ ಸರಾಸರಿ 5 ದಿನ ಮುಂಚೆ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಐದು ದಿನ! ಆಮೇಲೆ ಅಲ್ಲಿ ‘ಸ್ಟಾಪ್ ಆ್ಯಂಡ್ ವಾಚ್’ ಎಂಬ ಸಣ್ಣ ಕಾರ್ಡ್ ಬಳಕೆಗೆ ಬಂತು. ಅದರಲ್ಲಿ ಇರುವುದೆಲ್ಲ ಮನೆಮಾತು. ಯಾವತ್ತಿನ ಹಾಗಿಲ್ಲ, ಮಾತು ಕಡಿಮೆ, ಹೆಚ್ಚು ಸಹಾಯ ಬೇಕಾಗುತ್ತಿದೆ, ಊಟ ಕಡಿಮೆ, ನೀರು ಕಡಿಮೆ, ಮೂರು ದಿನದಿಂದ ಹೊಟ್ಟೆ ಖಾಲಿಯಾಗಿಲ್ಲ, ತೂಕ ಬದಲಾಗಿದೆ, ಸಿಡುಕು ಜಾಸ್ತಿ, ಮಂಕು, ಚರ್ಮದಲ್ಲಿ ಬದಲಾವಣೆ, ಹೀಗೆ. ಸಹಾಯಕರು ಕಂಡದ್ದಕ್ಕೆ ಗುರುತು ಹಾಕಿ ನರ್ಸಿಗೆ ಕೊಡುತ್ತಾರೆ. ಕಾಯಿಲೆಯ ಹೆಸರು ಹೇಳುವುದು ಅವರ ಕೆಲಸವಲ್ಲ. ‘ಅಜ್ಜ ಇವತ್ತು ಸಮ ಇಲ್ಲ’ ಅಂತ ನಮ್ಮ ಅಡುಗೆಯ ಅಕ್ಕ ಹೇಳಿದ್ದು ಆ ಕಾರ್ಡಿನ ಮೊದಲ ಸಾಲೇ.

ಊಟ, ನೀರು, ತೂಕ

ತಟ್ಟೆ ನೋಡುವುದು ಸುಲಭ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ಒಂದು ಹೊತ್ತು ಕಡಿಮೆ ತಿಂದರೆ ಗಾಬರಿ ಬೇಡ. ಎರಡು ದಿನ ಅರ್ಧ ತಟ್ಟೆ ಹಾಗೇ ಉಳಿಯುತ್ತಿದ್ದರೆ ಕಾರಣ ಹುಡುಕಿ. ಕಾರಣ ಬಾಯಿಯಲ್ಲೇ ಇರಬಹುದು, ಹಲ್ಲುಸೆಟ್ ಸಡಿಲವಾಗಿ ಒಸಡಿಗೆ ಹುಣ್ಣಾಗಿರಬಹುದು. ಮಲಬದ್ಧತೆ ಇರಬಹುದು. ಸೋಂಕು ಇರಬಹುದು. ಮನಸ್ಸು ಕುಸಿದಿರಬಹುದು. ಊಟ ಮಾಡುವಾಗ ಹೊಸದಾಗಿ ಕೆಮ್ಮು ಬರುತ್ತಿದ್ದರೆ, ನೀರು ಕುಡಿದಾಗ ನೆತ್ತಿಗೆ ಹತ್ತುತ್ತಿದ್ದರೆ ಅದು ಬೇರೆಯೇ ಸುಳಿವು. ನುಂಗುವ ಶಕ್ತಿ ಕಡಿಮೆಯಾದಾಗ ಅನ್ನ, ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ.

ನೀರಿನ ವಿಷಯ ಕರಾವಳಿಯವರಿಗೆ ಜಾಸ್ತಿ ಬೇಕು. ವಯಸ್ಸಾದಂತೆ ಬಾಯಾರಿಕೆಯೇ ಮಂದವಾಗುತ್ತದೆ, ದೇಹಕ್ಕೆ ನೀರು ಬೇಕಿದ್ದರೂ ಗಂಟಲು ಕೇಳುವುದಿಲ್ಲ. ಮೂತ್ರಪಿಂಡಕ್ಕೂ ನೀರನ್ನು ಉಳಿಸಿಕೊಳ್ಳುವ ತಾಕತ್ತು ಕಡಿಮೆ. ಏಪ್ರಿಲ್, ಮೇ ತಿಂಗಳ ಹೊನ್ನಾವರ, ಕಾರವಾರದ ಸೆಕೆಯಲ್ಲಿ ಗಾಳಿಯಲ್ಲೇ ನೀರಿನಂಶ ತುಂಬಿರುವುದರಿಂದ ಬೆವರು ಸುರಿಯುತ್ತದೆ, ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಇದರ ಮೇಲೆ ರಾತ್ರಿ ಏಳಬೇಕಾಗುತ್ತದೆ ಅಂತ ಸಂಜೆಯಿಂದ ನೀರನ್ನೇ ಬಿಡುವ ಅಜ್ಜಿಯಂದಿರು ಬೇರೆ. ಮುಂಗೈ ಚರ್ಮ ಚಿವುಟಿ ನೋಡುವ ಪರೀಕ್ಷೆ ಹಿರಿಯರಲ್ಲಿ ನಂಬುವಂತಿಲ್ಲ, ಅವರ ಚರ್ಮ ಹೇಗೂ ಸಡಿಲ. ನಾಲಿಗೆ ಒಣಗಿದೆಯಾ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದೆಯಾ, ಎದ್ದಾಗ ತಲೆ ತಿರುಗುತ್ತದೆಯಾ ಅಂತ ನೋಡಿ. ‘ನೀರು ಬೇಕಾ?’ ಅಂತ ಕೇಳಿದರೆ ಬೇಡ ಅನ್ನುತ್ತಾರೆ. ಕೇಳಬೇಡಿ, ಮಜ್ಜಿಗೆಯನ್ನೋ ಮುರುಗಲು ಪಾನಕವನ್ನೋ ಲೋಟದಲ್ಲಿ ತಂದು ಕೈಗೇ ಕೊಡಿ. ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಹೃದಯದ ಕಾಯಿಲೆಗೆ ನೀರಿನ ಮಿತಿ ಹಾಕಿದ್ದರೆ ಆ ಮಿತಿಯೇ ಕೊನೆ ಮಾತು.

ತೂಕ ಎರಡು ದಿಕ್ಕಿನಲ್ಲೂ ಮಾತಾಡುತ್ತದೆ. ಪ್ರಯತ್ನಪಡದೆ ಒಂದು ತಿಂಗಳಲ್ಲಿ ನೂರಕ್ಕೆ 5ರಷ್ಟು, ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ಇಳಿದರೆ ಅದು ಗಂಭೀರ. 50 ಕೆ.ಜಿ. ಅಜ್ಜಿಗೆ ಲೆಕ್ಕ ಹಾಕಿದರೆ ತಿಂಗಳಿಗೆ ಎರಡೂವರೆ ಕೆ.ಜಿ. ಮಾತ್ರ. ಸೀರೆ ಉಡುವವರಲ್ಲಿ ಇದು ಕಣ್ಣಿಗೆ ಕಾಣುವುದೇ ಇಲ್ಲ, ರವಿಕೆ ಸಡಿಲವಾಗಿದೆಯಾ, ಬಳೆ ಮೊಣಕೈವರೆಗೆ ಜಾರುತ್ತಿದೆಯಾ ನೋಡಬೇಕು.

ತೂಕ ಏರುವುದು ಇನ್ನೂ ಬೇಗ ನಡೆಯುವ ಕತೆ. ಹೃದಯ ಸೋತಾಗ ದೇಹದಲ್ಲಿ ನೀರು ನಿಲ್ಲುತ್ತದೆ. ಒಂದೇ ದಿನದಲ್ಲಿ ಒಂದು ಒಂದೂವರೆ ಕೆ.ಜಿ., ವಾರದಲ್ಲಿ ಎರಡು ಕೆ.ಜಿ.ಗಿಂತ ಜಾಸ್ತಿ ಏರಿದರೆ ಅದು ಕೊಬ್ಬಲ್ಲ, ನೀರು. ಚಪ್ಪಲಿ ಬಿಗಿಯಾಗುವುದು, ಪಾದ ಒತ್ತಿದರೆ ಕುಳಿ ಬೀಳುವುದು, ರಾತ್ರಿ ಎರಡು ದಿಂಬು ಕೇಳುವುದು ಇದರ ಜೊತೆಗಾರರು. ಇಲ್ಲಿ ಉಪ್ಪು ದೊಡ್ಡ ಪಾತ್ರ ವಹಿಸುತ್ತದೆ. ಶಿರಸಿ ಕಡೆ ಗಂಜಿ ಅಂದರೆ ಅಪ್ಪೆಮಿಡಿ ಉಪ್ಪಿನಕಾಯಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್, ತಾಜಾ ಮೀನು ಕಡಿಮೆ, ಒಣಮೀನೇ ಊಟಕ್ಕೆ ಆಸರೆ. ಹೃದಯ ದುರ್ಬಲ ಇರುವವರಿಗೆ ಮಳೆಗಾಲದಲ್ಲಿ ಕಾಲು ಊದಿದರೆ ‘ಥಂಡಿಗೆ’ ಅನ್ನುವ ಮೊದಲು ತಟ್ಟೆಯಲ್ಲಿ ಏನಿತ್ತು ಅಂತ ನೆನಪಿಸಿಕೊಳ್ಳಿ.

ನಡಿಗೆ

ಮನೆಯೊಳಗೆ ಗೋಡೆ ಹಿಡಿದು ಓಡಾಡಲು ಶುರು ಮಾಡಿದರೆ, ಕುರ್ಚಿಯಿಂದ ಏಳಲು ಎರಡು ಮೂರು ಸಲ ಯತ್ನಿಸಬೇಕಾದರೆ ಅದನ್ನು ಬರೆದಿಡಿ. ಒಂದು ಸುಲಭದ ಪರೀಕ್ಷೆ ಇದೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಮತ್ತೆ ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಸಾಧ್ಯತೆ ಜಾಸ್ತಿ. ಪಕ್ಕದಲ್ಲಿ ಯಾರಾದರೂ ನಿಂತಿರಲಿ, ಪರೀಕ್ಷೆ ಮಾಡಲು ಹೋಗಿ ಬೀಳಿಸಬೇಡಿ.

ನನಗೆ ಇನ್ನೂ ಇಷ್ಟವಾದದ್ದು ಸ್ವೀಡನ್ನಿನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಸಂಗತಿ. ಹಿರಿಯರ ಜೊತೆ ನಡೆಯುತ್ತಾ ಮಾತಾಡಿಸಿ. ಉತ್ತರ ಕೊಡಲು ಅವರು ನಡಿಗೆ ನಿಲ್ಲಿಸಿದರೆ, ಮುಂದೆ ಬೀಳುವ ಅಪಾಯ ಅಂಥವರಲ್ಲಿ ಹೆಚ್ಚು. ಎರಡು ಕೆಲಸ ಒಟ್ಟಿಗೆ ಮಾಡುವಷ್ಟು ಶಕ್ತಿ ಮೆದುಳಿನಲ್ಲಿ ಉಳಿದಿಲ್ಲ ಅಂತ ಅದರ ಅರ್ಥ. ಯಾವ ಯಂತ್ರವೂ ಬೇಡ, ತೋಟದ ದಾರಿಯಲ್ಲಿ ಜೊತೆಗೆ ನಾಲ್ಕು ಹೆಜ್ಜೆ ಹಾಕಿದರಾಯಿತು.

ಮಲಗಿದವರು ಎದ್ದು ನಿಂತಾಗ ಬಿ.ಪಿ. ಕುಸಿಯುವುದೂ ಬೀಳಲು ದೊಡ್ಡ ಕಾರಣ. ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿ.

ಬಿದ್ದು ತಲೆಗೆ ಪೆಟ್ಟಾದರೆ, ಅವತ್ತು ಚೆನ್ನಾಗಿಯೇ ಇದ್ದರೂ, ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಿ ವಾರಗಳ ನಂತರ ತಲೆನೋವು, ಮಂಕು, ಒಂದು ಬದಿಯ ನಿಶ್ಶಕ್ತಿ ಕಾಣಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಬಿದ್ದ ದಿನವೇ ತೋರಿಸಿ.

ನಿನ್ನೆ ಸರಿ ಇದ್ದರು, ಇವತ್ತು ಯಾಕೋ ಮಂಕು

ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿಯುವುದು ಇದನ್ನೇ. ಅಜ್ಜಿ ಇದ್ದಕ್ಕಿದ್ದಂತೆ ಸತ್ತುಹೋದ ಅತ್ತಿಗೆಯನ್ನು ಕರೆಯುತ್ತಾರೆ, ಹೊತ್ತಲ್ಲದ ಹೊತ್ತಿನಲ್ಲಿ ತೋಟಕ್ಕೆ ಹೊರಡುತ್ತಾರೆ. ಮನೆಯವರು ‘ಅರಳು ಮರಳು’ ಅಂದುಬಿಡುತ್ತಾರೆ.

ಇಲ್ಲಿ ಎರಡು ಬೇರೆ ಬೇರೆ ಸಂಗತಿ ಇವೆ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುವ ಗೊಂದಲಕ್ಕೆ ವೈದ್ಯರು ಡೆಲಿರಿಯಂ ಅನ್ನುತ್ತಾರೆ. ಮರೆವು ಹಳೆ ಗೋಡೆಯ ಬಣ್ಣ ಮಾಸಿದಂತೆ, ಡೆಲಿರಿಯಂ ಆಷಾಢದ ಮೋಡದಂತೆ: ಏಕಾಏಕಿ ಕವಿಯುತ್ತದೆ, ಬೆಳಿಗ್ಗೆ ತಿಳಿಯಾಗುತ್ತದೆ, ಸಂಜೆ ಮತ್ತೆ ಕವಿಯುತ್ತದೆ. ಹೆಚ್ಚಿನ ಸಲ ಅದರ ಹಿಂದೆ ಚಿಕಿತ್ಸೆ ಇರುವ ಕಾರಣ ಇರುತ್ತದೆ. ಸೋಂಕು, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿದದ್ದು, ಸಕ್ಕರೆ ಇಳಿದದ್ದು, ಮೂತ್ರ ಕಟ್ಟಿದ್ದು, ನೋವು, ಹೊಸ ಮಾತ್ರೆ, ಕೊನೆಗೆ ಬರೀ ಮಲಬದ್ಧತೆ ಕೂಡ.

ಕೂಗಾಡುವ ಡೆಲಿರಿಯಂ ಎಲ್ಲರ ಕಣ್ಣಿಗೆ ಬೀಳುತ್ತದೆ. ಸದ್ದಿಲ್ಲದ್ದೂ ಒಂದಿದೆ. ಅವರು ಸುಮ್ಮನೆ ಮಲಗಿರುತ್ತಾರೆ, ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ, ಯಾರಿಗೂ ತೊಂದರೆ ಕೊಡುವುದಿಲ್ಲ. ತೊಂದರೆ ಕೊಡುವುದಿಲ್ಲ ಅಂತಲೇ ಯಾರೂ ನೋಡುವುದಿಲ್ಲ. ಕವಳ ಕೇಳದೆ ಮಲಗಿದ ನಮ್ಮ ಅಜ್ಜನದು ಇದೇ ಜಾತಿಯದಿರಬೇಕು ಅಂತ ನನಗೆ ಈಗ ಅನಿಸುತ್ತದೆ.

ಅನುಮಾನ ಬಂದರೆ ಗಮನದ ಶಕ್ತಿ ನೋಡಿ. ವಾರಗಳ ಹೆಸರನ್ನು ಹಿಂದಿನಿಂದ ಹೇಳಿಸಿ: ಭಾನುವಾರ, ಶನಿವಾರ, ಶುಕ್ರವಾರ, ಹೀಗೆ. ನಿನ್ನೆ ಹೇಳುತ್ತಿದ್ದವರು ಇವತ್ತು ನಡುವೆ ಎಳೆ ಕಳೆದುಕೊಂಡರೆ ಕಾಯಬೇಡಿ. ಮೊದಲೇ ಮರೆವಿನ ಕಾಯಿಲೆ ಇರುವವರಿಗೆ ಡೆಲಿರಿಯಂ ಇನ್ನೂ ಸುಲಭವಾಗಿ ಬರುತ್ತದೆ. ಹಾಗಾಗಿ ‘ಅವರಿಗೆ ಮೊದಲೇ ಮರೆವು’ ಅಂತ ಸಮಾಧಾನ ಮಾಡಿಕೊಳ್ಳುವಂತಿಲ್ಲ. ಮಂಕು ಅಂದರೆ ಮೂತ್ರದ ಸೋಂಕೇ ಅಂತ ತೀರ್ಮಾನಿಸಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ತಂದು ಕೊಡುವುದೂ ತಪ್ಪು. ಕಾರಣ ಹತ್ತು ಇರಬಹುದು.

ನಿಧಾನವಾಗಿ ಬರುವ ಮರೆವಿನಲ್ಲೂ ಸರಿಪಡಿಸಬಹುದಾದದ್ದು ಇರುತ್ತದೆ. ಬಿ12 ಜೀವಸತ್ವದ ಕೊರತೆ ಅದರಲ್ಲೊಂದು. ಇದು ಸಿಗುವುದು ಮೀನು, ಮಾಂಸ, ಮೊಟ್ಟೆ, ಹಾಲಿನಲ್ಲಿ. ಹಾಲು ಮಜ್ಜಿಗೆಯೂ ಕಡಿಮೆಯಾದ ಸಸ್ಯಾಹಾರಿ ಹಿರಿಯರಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಕೊರತೆ ಆಗಬಹುದು. ಪಾದ ಜೋಮು, ನಡಿಗೆ ತೂರಾಟ, ಮರೆವು ಕಾಣುತ್ತದೆ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇನ್ನು ಕಿವಿ ಕೇಳದವರನ್ನು ಮರೆವು ಅಂತ ತಳ್ಳಿಹಾಕಿದ ಉದಾಹರಣೆ ನಮ್ಮ ನೆಂಟರಲ್ಲೇ ಇದೆ. ಕಿವಿಯ ಗುಗ್ಗೆ ತೆಗೆಸಿದ ಮೇಲೆ ಅಜ್ಜನ ‘ಮರೆವು’ ಅರ್ಧ ಹೋಯಿತು.

ಏಕಾದಶಿಯೂ ಸಕ್ಕರೆ ಮಾತ್ರೆಯೂ

ಯಾವುದೇ ಹೊಸ ಬದಲಾವಣೆ ಕಂಡಾಗ ಕೇಳಬೇಕಾದ ಒಂದು ಪ್ರಶ್ನೆ: ಇತ್ತೀಚೆಗೆ ಯಾವ ಮಾತ್ರೆ ಸೇರಿತು, ಯಾವುದು ಬಿಟ್ಟಿತು? ಶೀತಕ್ಕೆ ಅಂತ ತಂದ ನಿದ್ದೆ ಬರಿಸುವ ಸಿರಪ್ ಹಿರಿಯರಲ್ಲಿ ಗೊಂದಲ ತರಬಹುದು, ಮೂತ್ರ ಕಟ್ಟಿಸಬಹುದು. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಬಿ.ಪಿ. ಮಾತ್ರೆಗಳ ಜೊತೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಕೊಡಬಹುದು.

ಸಕ್ಕರೆ ಕಾಯಿಲೆಯವರ ಕತೆ ಬೇರೆ. ಏಕಾದಶಿ ಉಪವಾಸ ಬಿಡುವುದಿಲ್ಲ, ಮಾತ್ರೆಯನ್ನೂ ಬಿಡುವುದಿಲ್ಲ, ಎರಡೂ ನಿಷ್ಠೆಯೇ! ಊಟವಿಲ್ಲದೆ ಗ್ಲಿಮೆಪಿರೈಡ್‌ನಂಥ ಮಾತ್ರೆಯೋ ಇನ್ಸುಲಿನ್ನೋ ಒಳಗೆ ಹೋದರೆ ಸಕ್ಕರೆ 70ಕ್ಕಿಂತ ಕೆಳಗೆ ಕುಸಿಯುತ್ತದೆ. ಬೆವರು, ನಡುಕ, ಮಂಕು, ವಿಚಿತ್ರ ಸಿಟ್ಟು ಕಾಣಬಹುದು. ಕೆಲವು ಬಿ.ಪಿ. ಮಾತ್ರೆಗಳು ನಡುಕವನ್ನೇ ಮರೆಮಾಡುತ್ತವೆ. ಎಚ್ಚರ ಇದ್ದು ನುಂಗಲು ಆಗುವುದಾದರೆ ತಕ್ಷಣ ಮೂರು ನಾಲ್ಕು ಚಮಚ ಸಕ್ಕರೆ ಕಲಸಿದ ನೀರು ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆ್ಯಂಬುಲೆನ್ಸ್ ಕರೆಸಿ. ಉಪವಾಸದ ದಿನ ಮಾತ್ರೆ ಏನು ಮಾಡಬೇಕು ಅಂತ ಮೊದಲೇ ಡಾಕ್ಟರ ಹತ್ತಿರ ಬರೆಸಿಕೊಂಡಿರುವುದು ಲೇಸು.

ಮನೆಯಲ್ಲಿ ಇರಬೇಕಾದ ಸಾಮಾನು

ಥರ್ಮಾಮೀಟರ್, ತೋಳಿಗೆ ಕಟ್ಟುವ ಬಿ.ಪಿ. ಯಂತ್ರ, ಬೆರಳಿಗೆ ಹಾಕುವ ಆಕ್ಸಿಮೀಟರ್, ತೂಕದ ಯಂತ್ರ, ಸಕ್ಕರೆ ಕಾಯಿಲೆ ಇದ್ದರೆ ಗ್ಲುಕೋಮೀಟರ್. ಇಷ್ಟು ಸಾಕು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಷ್ಟೋ ಮನೆಗಳ ಕಪಾಟಿನಲ್ಲಿ ಇನ್ನೂ ಇದೆ, ಸೆಲ್ ಬದಲಿಸಿ ನೋಡಿ. ಆರೋಗ್ಯವಂತರಲ್ಲಿ ಆಮ್ಲಜನಕ 95ರ ಮೇಲಿರುತ್ತದೆ. ತಣ್ಣಗಿನ ಬೆರಳು, ಮೆಹಂದಿ, ಉಗುರು ಬಣ್ಣ ಇದ್ದರೆ ಅಂಕಿ ತಪ್ಪಬಹುದು.

ಯಂತ್ರ ಬೇಡದ ಒಂದು ಅಳತೆಯನ್ನು ಎಲ್ಲರೂ ಮರೆಯುತ್ತಾರೆ. ಉಸಿರಿನ ಎಣಿಕೆ. ಅವರು ಆರಾಮಾಗಿ ಕೂತಿದ್ದಾಗ, ಅವರಿಗೆ ಗೊತ್ತಾಗದ ಹಾಗೆ, ಪೂರ್ತಿ ಒಂದು ನಿಮಿಷ ಎದೆ ಎಷ್ಟು ಸಲ ಏರುತ್ತದೆ ಎಣಿಸಿ. ದೊಡ್ಡವರಲ್ಲಿ 12ರಿಂದ 20 ಮಾಮೂಲಿ. 25 ದಾಟಿದರೆ ಜ್ವರ ಇರಲಿ ಬಿಡಲಿ ಶ್ವಾಸಕೋಶದ ಸೋಂಕಿನ ಅನುಮಾನ ಪಡಬೇಕು. ಆ ದಿನ ಅಜ್ಜನ ಉಸಿರು ಯಾರೂ ಎಣಿಸಲಿಲ್ಲ.

ಹಾಸಿಗೆ ಹಿಡಿದವರಿದ್ದರೆ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಯನ್ನು ದಿನಾ ನೋಡಿ. ಒತ್ತಿದರೂ ಮಾಸದ ಕೆಂಪು ಕಲೆ ಹುಣ್ಣಿನ ಶುರುವಾತು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿರಬಹುದು, ಆ ಜಾಗ ಬಿಸಿಯಾಗಿ ಗಟ್ಟಿಯಾಗಿರುವುದು ಕೈಗೆ ಗೊತ್ತಾಗುತ್ತದೆ.

ಹೇಳುವುದು ಹೇಗೆ?

‘ಡಾಕ್ಟ್ರೇ, ಅಪ್ಪಯ್ಯ ಒಂಥರಾ ಇದ್ದಾರೆ’ ಅಂದರೆ ಫೋನಿನ ಆ ಕಡೆ ಇರುವವರು ಏನು ತಿಳಿದುಕೊಳ್ಳಬೇಕು? ಇದನ್ನೇ ಹೀಗೆ ಹೇಳಿ ನೋಡಿ: ‘84 ವರ್ಷ, ಬಿ.ಪಿ., ಸಕ್ಕರೆ ಇದೆ. ಮೊನ್ನೆಯವರೆಗೆ ತಾವೇ ಬಚ್ಚಲಿಗೆ ಹೋಗುತ್ತಿದ್ದರು. ನಿನ್ನೆ ಸಂಜೆಯಿಂದ ಹಿಡಿದುಕೊಳ್ಳಬೇಕಾಗಿದೆ. ಮಾತು ಕಡಿಮೆ. ಉಸಿರು ನಿಮಿಷಕ್ಕೆ 28, ಆಮ್ಲಜನಕ 92, ಮೈಬಿಸಿ 99, ಮಾಮೂಲಿ 97 ಇರುತ್ತದೆ. ಬೆಳಿಗ್ಗೆಯಿಂದ ಅರ್ಧ ಲೋಟ ಗಂಜಿ ಕುಡಿದಿದ್ದಾರೆ.’ ಮೊದಲು ಹೇಗಿದ್ದರು, ಈಗ ಹೇಗಿದ್ದಾರೆ, ಯಾವಾಗಿನಿಂದ. ಈ ಮೂರು ಇದ್ದರೆ ಡಾಕ್ಟರಿಗೆ ಕೆಲಸ ಶುರು ಮಾಡಲು ಸಾಕು.

ಬೆಂಗಳೂರಿನ ಮಕ್ಕಳಿಗೆ ಒಂದು ಮಾತು. ವಿಡಿಯೊ ಕಾಲ್‌ನಲ್ಲಿ ‘ಆರಾಮಿದ್ದೀರಾ?’ ಅಂದರೆ ‘ಆರಾಮು’ ಅಂತಲೇ ಉತ್ತರ ಬರುತ್ತದೆ. ಮಕ್ಕಳಿಗೆ ತೊಂದರೆ ಕೊಡಬಾರದು ಅನ್ನುವುದು ಒಂದು, ರಜೆ ಹಾಕಿ ಓಡಿ ಬರುತ್ತಾರೆ ಅನ್ನುವ ಹೆದರಿಕೆ ಇನ್ನೊಂದು. ಅದರ ಬದಲು ‘ಇವತ್ತು ಏನು ಅಡುಗೆ, ತಂಬುಳಿ ಯಾವುದು, ಮಧ್ಯಾಹ್ನ ಯಾರು ಬಂದಿದ್ದರು?’ ಅಂತ ಕೇಳಿ. ಫೋನನ್ನು ಮೇಜಿನ ಮೇಲಿಟ್ಟು ನೀರು ತರಲು ಹೇಳಿ, ಏಳುವುದು, ನಡೆಯುವುದು ಕಾಣುತ್ತದೆ. ಅಡುಗೆಯವರ ನಂಬರನ್ನೂ ಇಟ್ಟುಕೊಂಡು ವಾರಕ್ಕೊಮ್ಮೆ ಅವರನ್ನೂ ಮಾತಾಡಿಸಿ.

ಮೈ ಚೆನ್ನಾಗಿದ್ದೂ ತಿಂಗಳುಗಟ್ಟಲೆ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ‘ಇನ್ನೇನು ನನ್ನದು’ ಅನ್ನುವ ಮಾತು ಜಾಸ್ತಿಯಾದರೆ ಅದು ಖಿನ್ನತೆ ಇರಬಹುದು. ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಹಿರಿಯ ನಾಗರಿಕರ ಸಹಾಯವಾಣಿ 14567.

ಬೆಳಗಾಗಲಿ ಅನ್ನಬಾರದ್ದು

ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಗುರುತು. ರಕ್ತದ ಗಂಟು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮುಂಚೆ ಸಿಟಿ ಸ್ಕ್ಯಾನ್ ಆಗಬೇಕು. ಹತ್ತು ನಿಮಿಷದಲ್ಲಿ ಸರಿಹೋದರೂ ಅವತ್ತೇ ತೋರಿಸಿ, ದೊಡ್ಡದಕ್ಕೆ ಮುನ್ಸೂಚನೆ ಇರಬಹುದು. ಎದೆನೋವು, ಹೊಸ ಏದುಸಿರು, ಎಬ್ಬಿಸಿದರೂ ಏಳದ ಮಂಪರು, ಕಪ್ಪು ಮಲ, ರಕ್ತವಾಂತಿ, ಇಡೀ ದಿನ ಮೂತ್ರ ಆಗದಿರುವುದು, ಇವೂ ಕಾಯುವಂಥವಲ್ಲ. 108ಕ್ಕೆ ಫೋನ್ ಮಾಡಿ.

ನಮ್ಮ ಜಿಲ್ಲೆಯಲ್ಲಿ ನಾಲ್ಕೂವರೆ ಗಂಟೆ ಅಂದರೆ ಜಾಸ್ತಿ ಅಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ದೊಡ್ಡ ಕಾಯಿಲೆಗೆ ಶಿರಸಿಯವರು ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ, ಕುಮಟಾ ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ ಓಡುತ್ತಾರೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿದರೆ ಸುತ್ತಿ ಹೋಗಬೇಕು. ಹಾಗಾಗಿ ಸಿಟಿ ಸ್ಕ್ಯಾನ್ ಇರುವ, ರಾತ್ರಿಯೂ ತೆರೆದಿರುವ ಹತ್ತಿರದ ಆಸ್ಪತ್ರೆ ಯಾವುದು, ಕರೆದರೆ ನಡುರಾತ್ರಿ ಬರುವ ವಾಹನ ಯಾರದು ಅಂತ ಇವತ್ತೇ ವಿಚಾರಿಸಿ, ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಹಳೆ ಚೀಟಿಗಳು, ಮಾತ್ರೆಗಳ ಪಟ್ಟಿ, ಆಧಾರ್ ಪ್ರತಿ, ಕನ್ನಡಕ, ಕಿವಿಯ ಯಂತ್ರ ಎಲ್ಲ ಒಂದೇ ಚೀಲದಲ್ಲಿರಲಿ.

ಮಾವನ ವೃದ್ಧಾಶ್ರಮದಲ್ಲಿ ಈಗ ಅಡುಗೆಮನೆಯ ಬಾಗಿಲಿಗೆ ಒಂದು ನೂರು ಪುಟದ ನೋಟ್‌ಬುಕ್ ತೂಗುಹಾಕಿದ್ದಾರೆ. ಹೋದ ಭಾನುವಾರ ತೆರೆದು ನೋಡಿದೆ. ಅಕ್ಕನ ಕೈಬರಹದಲ್ಲಿ ಮಾವನ ಬಗ್ಗೆ ಒಂದು ಸಾಲು ಇತ್ತು: ‘ಎರಡು ದಿನದಿಂದ ಸಾರಿಗೆ ಉಪ್ಪು ಕಡಿಮೆ ಅನ್ನುತ್ತಿಲ್ಲ. ಕೇಳಬೇಕು.’